ಮಳೆ ಬಂದ ಮೇಲೆ ಕೊಡುವ ಕಾರ್ಡು

ಪಕ್ಕದ ಮನೆಯ ಅಕ್ಷತಾ ಒಂದನೇ ತರಗತಿ. ಸಂಜೆಯಾದರೆ ಹೋಂವರ್ಕ್ ಹಿಡಿದು ನಮ್ಮ ಮನೆಗೆ ಬರುವುದು ಅವಳ ರೂಢಿ. ನಿವೃತ್ತ ಟೀಚರು ಪಕ್ಕದಲ್ಲಿದ್ದರೆ ಟ್ಯೂಷನ್ನು ಪುಕ್ಕಟೆ ಅಂತ ಅವರಮ್ಮನ ನಂಬಿಕೆ. ಮೊನ್ನೆ ತಂದ ಹಾಳೆಯಲ್ಲಿ ನಾಲ್ಕು ಚಿತ್ರಗಳಿದ್ದವು: ಆಕಳು, ಆಡು, ಕೋಳಿ, ಕುರ್ಚಿ. ಮೇಲೆ 'ಗುಂಪಿಗೆ ಸೇರದ್ದಕ್ಕೆ ಸುತ್ತು ಹಾಕಿರಿ' ಅಂತ ಇತ್ತು. ಹುಡುಗಿ ಕೋಳಿಗೆ ಸುತ್ತು ಹಾಕಿಬಿಟ್ಟಿದ್ದಳು. 'ತಪ್ಪು, ಅಳಿಸು' ಅಂದೆ. ಮೂವತ್ತು ವರ್ಷ ಅಂದು ಅಂದು ರೂಢಿಯಾದ ಮಾತು, ಯೋಚನೆ ಮಾಡದೇ ಬಾಯಿಗೆ ಬರುತ್ತದೆ. ಅವಳ ರಬ್ಬರು ಕಳೆದುಹೋಗಿತ್ತು. ನನ್ನ ಹಳೇ ಟ್ರಂಕಿನಲ್ಲಿ ಒಂದಿರಬೇಕು ಅಂತ ಹುಡುಕಲು ಒಳಗೆ ಹೋದೆ.

ಆ ಟ್ರಂಕಿನ ಮುಚ್ಚಳ ತೆಗೆದರೆ ಇವತ್ತಿಗೂ ಅದಿರಿನ ಧೂಳಿನ ವಾಸನೆ ಬರುತ್ತದೆ. ಒಳಗೊಂದು ಬಿಳಿ ಸೀರೆ ಇದೆ. ಬಿಳಿ ಅಂತ ನಾನು ಅನ್ನಬೇಕಷ್ಟೆ, ನೋಡಿದವರು ಇಟ್ಟಿಗೆ ಬಣ್ಣ ಅಂದಾರು. ಆ ಸೀರೆಯ ಮಡಿಕೆಯಲ್ಲಿ ಅಂಗೈಯಗಲದ ಒಂದು ರಟ್ಟಿನ ಕಾರ್ಡು, ಅದರ ಮೇಲೆ ಕಪ್ಪು ಗೆರೆಯಲ್ಲಿ ಬರೆದ ಒಂದು ಎಲೆ. ರಬ್ಬರು ಮರೆತು ನೆಲದ ಮೇಲೆ ಕುಂತೆ. ನೀವೂ ಕುಂದ್ರಿ. ಇದು ಕದ್ದ ಮಾಲು. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅಂತಾರಲ್ಲ, ಆ ಲೆಕ್ಕದಲ್ಲಿ ನಾನು ಕಳ್ಳಿ. ನಾಚಿಕೆ ಮಾತ್ರ ಇವತ್ತಿಗೂ ಇಲ್ಲ.

ಸಂಡೂರಿನ ಹತ್ತಿರ, ಯಶವಂತನಗರದ ಕಡೆಯ ಒಂದು ಶಾಲೆಯಲ್ಲಿ ನಾನು ಐದನೇ ತರಗತಿಗೆ ಟೀಚರಾಗಿದ್ದ ಕಾಲ ಅದು. ಗಣಿಗೆ ಹುಚ್ಚು ಹಿಡಿದಿತ್ತು. ಶಾಲೆಯ ಮುಂದೆ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಹುಡುಗಿಯರ ರಿಬ್ಬನ್ನು ಬಿಳಿ ಇರುತ್ತಿದ್ದುದು ಸೋಮವಾರ ಬೆಳಿಗ್ಗೆ ಮಾತ್ರ. ಮೊಸರಿನ ಮೇಲೆ ಕೆನೆಗಿಂತ ಮೊದಲು ಕೆಂಪು ಧೂಳು ಕಟ್ಟುತ್ತಿತ್ತು. ಅಲ್ಲಿ ಅದಿರನ್ನು ಗ್ರೇಡ್ ಮಾಡಿ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಇಲ್ಲಿ ನಾನು ಮಕ್ಕಳನ್ನು ಗ್ರೇಡ್ ಮಾಡಿ ಸಾಲು ಮಾಡುತ್ತಿದ್ದೆ: ಕಿಟಕಿ ಕಡೆ ಜಾಣರು, ನಡುವೆ ಮಧ್ಯಮರು, ಬಾಗಿಲ ಹತ್ತಿರ ದಡ್ಡರು. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ನಮ್ಮ ಟೀಚರು ಮಾಡಿದ್ದರು, ನಾನೂ ಮಾಡಿದೆ. ಸಣ್ಣವಳಿದ್ದಾಗ ನಾನೇ ಎರಡು ವರ್ಷ ಬಾಗಿಲ ಹತ್ತಿರ ಕುಂತವಳು ಅನ್ನೋದನ್ನ ಎಷ್ಟು ಚೆನ್ನಾಗಿ ಮರೆತಿದ್ದೆ ನೋಡ್ರಿ.

ಬಾಗಿಲ ಹತ್ತಿರದ ಸಾಲಿನಲ್ಲಿ ಹುಲಿಗೆಮ್ಮ ಕೂರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡದ ಹುಡುಗಿ. ಕೊಡುತ್ತಿದ್ದಳೇನೋ, ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನವರನ್ನು ಕೇಳಿರುತ್ತಿದ್ದೆ. ಅವರವ್ವ ಹನುಮಕ್ಕ ಅದಿರಿನ ಕಲ್ಲು ಒಡೆಯುವ ಕೆಲಸದವಳು. ಆ ವರ್ಷ ಹೊಸಪೇಟೆಯ ಒಂದು ಹಾಸ್ಟೆಲ್ ಶಾಲೆಗೆ ನಮ್ಮಲ್ಲಿಂದ ಮಕ್ಕಳನ್ನು ಕಳಿಸುವ ಅವಕಾಶ ಬಂದಿತ್ತು. ಹನುಮಕ್ಕ ನನ್ನ ಹತ್ತಿರ ಬಂದು ನೇರವಾಗಿ ಹೇಳಿದಳು: 'ಹಾಸ್ಟೆಲ್ ಸಿಕ್ರ ಓದ್ತಾಳ್ರಿ. ಸಿಗ್ಲಿಲ್ಲಂದ್ರ ಮುಂದಿನ ತಿಂಗ್ಳಿಂದ ನನ್ನ ಸಂಗಾಟ ಕಲ್ಲಿಗೆ ಬರ್ತಾಳ. ಮನ್ಯಾಗ ಒಬ್ಬಾಕಿನ್ನ ಬಿಟ್ಟು ಹೋಗಾಕ ಆಗಂಗಿಲ್ರಿ.'

ಅದೇ ಹೊತ್ತಿಗೆ ದೂರದ ವಿಶ್ವವಿದ್ಯಾಲಯವೊಂದರಿಂದ ಸಂಶೋಧಕರೊಬ್ಬರು ಪೆಟ್ಟಿಗೆ ಹಿಡಿದು ಬಂದರು. ಮಕ್ಕಳ ಭಾಷೆ, ಬುದ್ಧಿ, ಕಲಿಕೆ ಎಲ್ಲದರ ಅಧ್ಯಯನ. ಪೆಟ್ಟಿಗೆಯಲ್ಲಿ ಮೂವತ್ತಾರು ಚಿತ್ರದ ಕಾರ್ಡು ಇದ್ದುದರಿಂದ ಮಕ್ಕಳು ಅವರಿಗೆ 'ಚಿತ್ರದ ಸರ್' ಅಂತ ಹೆಸರಿಟ್ಟರು. ಒಳ್ಳೆಯ ಮನುಷ್ಯ, ಸೌಮ್ಯ ಮಾತು, ದಿನಕ್ಕೆ ನಲವತ್ತು ಸಲ ಸೀನುತ್ತಿದ್ದರು. ಪ್ರತಿ ಪರೀಕ್ಷೆಯ ನಂತರ ಕಾರ್ಡು ಎಣಿಸಿ, 'ಒಂದು ಕಡಿಮೆಯಾದರೂ ಇಡೀ ಶಾಲೆಯ ಫಲಿತಾಂಶ ಲೆಕ್ಕಕ್ಕೆ ಬರೋದಿಲ್ಲ ಮೇಡಂ' ಅನ್ನುತ್ತಿದ್ದರು. ನಮ್ಮ ಹೆಡ್ ಮಾಸ್ಟರಿಗೆ ಖುಷಿಯೋ ಖುಷಿ. ಹಾಸ್ಟೆಲ್ಲಿಗೆ ಯಾರನ್ನು ಕಳಿಸಬೇಕು ಅನ್ನೋ ತಲೆನೋವು ತಪ್ಪಿತು, ಈ ಪರೀಕ್ಷೆಯಲ್ಲಿ ಕೊನೆಯದಾದ ಮೂರನೇ ಗುಂಪಿಗೆ ಬಿದ್ದವರ ಹೆಸರು ಪಟ್ಟಿಗೆ ಹೋಗಂಗಿಲ್ಲ ಅಂತ ಸಾರಿಬಿಟ್ಟರು.

ಮೊದಲು ಮನೆಯವರನ್ನು ಕರೆಸಿ ಫಾರಂ ತುಂಬಿಸಿದರು. ಮಾತೃಭಾಷೆಗೆ ಒಂದೇ ಒಂದು ಚೌಕ.

'ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಮ್ಮ?' ಅಂತ ಚಿತ್ರದ ಸರ್ ಹನುಮಕ್ಕನನ್ನು ಕೇಳಿದರು.

'ಸಿಟ್ಟು ಬಂದ್ರ ತೆಲುಗು ರೀ. ಸಿಟ್ಟು ಇಳಿದ್ರ ಕನ್ನಡ.'

'ಸಿಟ್ಟು ಇಲ್ಲದಾಗ?'

'ಮಾತೇ ಆಡಂಗಿಲ್ರಿ. ದಣದಿರ್ತೀವಲ್ಲ.'

ಅವರು ಆ ಒಂದೇ ಚೌಕದಲ್ಲಿ 'ಇತರೆ' ಅಂತ ಬರೆದರು. ನಾನು ನಕ್ಕೆ. ಮಗುವಿನ ಎರಡು ಭಾಷೆ ಸೇರಿ 'ಇತರೆ' ಆಗಿದ್ದರಲ್ಲಿ ನಗುವಂಥದ್ದು ಏನಿತ್ತು ಅಂತ ಆಮೇಲೆ ಅನ್ನಿಸಿತು.

ಪರೀಕ್ಷೆ ಸುಲಭದ್ದು. ಮೂರು ಬಟ್ಟಲು: ಕೆಂಪು, ಹಸಿರು, ಕಪ್ಪು. ಬಣ್ಣ ತುಂಬದ ಚಿತ್ರ ನೋಡಿ ಅದರ ಬಣ್ಣದ ಬಟ್ಟಲಿಗೆ ಹಾಕಬೇಕು. ಹುಲಿಗೆಮ್ಮ ಟೊಮೇಟೊ ಕೆಂಪಿಗೆ ಹಾಕಿದಳು, ಕಾಗೆ ಕಪ್ಪಿಗೆ ಹಾಕಿದಳು. ಎಲೆ ಬಂತು, ಕೆಂಪಿಗೆ ಹಾಕಿದಳು. ಹುಲ್ಲು, ಗಿಡ, ಅವೂ ಕೆಂಪಿಗೆ. ನೀರು ಬಿಟ್ಟ ತೋಟದ ನಡುವೆ ಇರುವ ಕಂಪನಿ ಕಾಲನಿಯ ಮಕ್ಕಳು ಮೂರನ್ನೂ ಹಸಿರಿಗೆ ಹಾಕಿದ್ದರು. ಇವಳು ಲಾರಿ ರಸ್ತೆಯ ಬದಿಗೆ ನಡೆದು ಬರುವವಳು. ಚಿತ್ರದ ಸರ್ ಮೂರು ತಪ್ಪು ಗುರುತು ಹಾಕಿದರು. ಅಲ್ಲಿಗೆ ಅವಳು ಮೂರನೇ ಗುಂಪಿಗೆ ಬಿದ್ದಳು. 'ವರ್ಗೀಕರಣ ಸಾಮರ್ಥ್ಯ ಬೆಳೆದಿಲ್ಲ' ಅಂತ ಹಾಳೆಯಲ್ಲಿ ಬರೆದು, ಕ್ಲಾಸ್ ಟೀಚರ್ ಸಹಿಗೆ ನನ್ನ ಮುಂದೆ ಇಟ್ಟರು.

ನಿಜ ಹೇಳಬೇಕಂದರೆ ಸಹಿ ಹಾಕಲು ಪೆನ್ನಿನ ಟೊಪ್ಪಿಗೆ ತೆಗೆದಿದ್ದೆ. ಬಾಗಿಲ ಸಾಲಿನ ಹುಡುಗಿ, ಮತ್ತೇನು ಅಂತ. ಹಾಗೇ ಸುಮ್ಮನೆ ಕೇಳಿದೆ: 'ಎಲಿ ಹಸ್ರ ಇರಂಗಿಲ್ಲೇನವ್ವಾ?'

ಹುಲಿಗೆಮ್ಮ ನನ್ನನ್ನು ನೋಡಿದಳು. ಇಷ್ಟೂ ತಿಳಿಯದೇನು ಈ ಟೀಚರಿಗೆ ಅನ್ನೋ ಹಾಗೆ ನೋಡಿದಳು.

'ಮಳಿ ಬಂದ್ರ ಹಸ್ರ ಇರ್ತೈತ್ರಿ ಟೀಚರ್. ಮಳಿ ಇನ್ನಾ ಬಂದಿಲ್ಲಲ್ರಿ.'

ಕಿಟಕಿಯಾಚೆ ಶಾಲೆಯ ಹೊಂಗೆ ಮರ ನಿಂತಿತ್ತು. ಬುಡದಿಂದ ತುದಿಯ ತನಕ ಕೆಂಪು. ದಿನಾ ಅದರ ನೆರಳಿಗೆ ನಿಂತು ಪ್ರಾರ್ಥನೆ ಮಾಡಿಸುತ್ತಿದ್ದವಳು ನಾನೇ, ಒಳಗೆ ಬಂದು ಹಲಗೆಯ ಮೇಲೆ 'ಎಲೆಯ ಬಣ್ಣ ಹಸಿರು' ಅಂತ ಬರೆಸುತ್ತಿದ್ದವಳೂ ನಾನೇ. ನನಗೆ ನನ್ನ ಮೇಲೇ ಸಿಟ್ಟು ಬಂತು. ಪೆನ್ನು ಮುಚ್ಚಿ, 'ಸಹಿ ಹಾಕಂಗಿಲ್ಲ' ಅಂದೆ.

ಚಿತ್ರದ ಸರ್ ಹೊರಗೆ ಬಂದು ಹೊಂಗೆ ಎಲೆಯೊಂದನ್ನು ಹೆಬ್ಬೆರಳಿಂದ ಉಜ್ಜಿ ನೋಡಿದರು. ಉಜ್ಜಿದಷ್ಟು ಜಾಗ ಹಸಿರಾಯಿತು. 'ನೀವು ಹೇಳೋದು ನಿಜ ಮೇಡಂ. ಆದರೆ ಕೈಪಿಡಿಯಲ್ಲಿ ಉತ್ತರ ಒಂದೇ ಇದೆ. ಇದನ್ನ ಎಲ್ಲಿ ಬರೀಲಿ? ಇದಕ್ಕೆ ಕಾಲಮ್ಮೇ ಇಲ್ಲ' ಅಂದರು. ಕಾಲಮ್ ಇಲ್ಲ ಅಂತ ಒಂದು ಹುಡುಗಿ ಕಲ್ಲು ಒಡೆಯಲು ಹೋಗಬೇಕೇನು? ಹಾಗೇ ಕೇಳಿದೆ. ಅವರು ಕೈಪಿಡಿ ತೆರೆದು ಮತ್ತೆ ಹುಡುಕತೊಡಗಿದರು. ಹೆಡ್ ಮಾಸ್ಟರು ಮಾತ್ರ ಗಟ್ಟಿ: 'ನೀವು ಹಾಕದಿದ್ರ ಬಿಡ್ರಿ, ನಾನ ಸಹಿ ಹಾಕ್ತೀನಿ.'

ಊಟದ ಬಿಡುವಿನಲ್ಲಿ ಪೆಟ್ಟಿಗೆಯಿಂದ ಎಲೆಯ ಕಾರ್ಡು ತೆಗೆದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಸಂಜೆ ಎಣಿಸಿದರೆ ಮೂವತ್ತೈದು. ಹೆಡ್ ಮಾಸ್ಟರು ಎಲ್ಲ ಬಿಟ್ಟು ಬಾಗಿಲ ಸಾಲಿನ ಮಕ್ಕಳ ಚೀಲಕ್ಕೇ ಮೊದಲು ಕೈ ಹಾಕಿದರು. ಬುದ್ಧಿ ಅಳೆಯಲು ಮಾಡಿದ ಸಾಲು ಕಳ್ಳರನ್ನು ಹುಡುಕಲೂ ಉಪಯೋಗಕ್ಕೆ ಬಂತು. ಅದನ್ನು ನೋಡಿ ನನಗೆ ತಡೆಯಲಿಲ್ಲ.

'ಅವರ ಚೀಲ ಬಿಡ್ರಿ ಸರ್. ಕಾರ್ಡು ನನ್ನ ಹತ್ರ ಐತಿ. ಕೊಡಂಗಿಲ್ಲ.'

'ಕೊಡಂಗಿಲ್ಲಂದ್ರ? ಮತ್ತ ಯಾವಾಗ ಕೊಡ್ತೀರಿ?'

'ಮಳಿ ಬಂದ ಮ್ಯಾಲೆ.'

ಕಾರಣ ಕೇಳಿ ನೋಟಿಸು ಬಂತು. ಅದಕ್ಕೂ ಇದೇ ಉತ್ತರವನ್ನು ಗ್ರಾಂಥಿಕ ಕನ್ನಡದಲ್ಲಿ ಬರೆದು ಕಳಿಸಿದೆ. ಪರೀಕ್ಷೆ ಲೆಕ್ಕಕ್ಕೆ ಬರಲಿಲ್ಲ, ಹಾಸ್ಟೆಲ್ ಪಟ್ಟಿ ಹಳೇ ಅಂಕಪಟ್ಟಿಯ ಮೇಲೆ ಹೋಯಿತು, ಹಾಸ್ಟೆಲ್ಲಿಗೆ ಆಯ್ಕೆಯಾದವರಲ್ಲಿ ಕೊನೆಯ ಹೆಸರು ಹುಲಿಗೆಮ್ಮನದು. ವರ್ಷ ಮುಗಿಯುವವರೆಗೂ ನನ್ನ ತರಗತಿಯಲ್ಲಿ ಸಾಲುಗಳಿರಲಿಲ್ಲ, ಮೊದಲು ಬಂದವರು ಬೇಕಾದಲ್ಲಿ ಕೂತರು. ಆಮೇಲೆ ನನ್ನನ್ನು ಶಿಕ್ಷೆ ಅಂತ ಕಂಪ್ಲಿ ಕಡೆಗೆ ಎತ್ತಿ ಹಾಕಿದರು. ಭತ್ತದ ಗದ್ದೆ, ಬಾಳೆ ತೋಟ, ಎತ್ತ ನೋಡಿದರೂ ಹಸಿರು. ಶಿಕ್ಷೆ ಕೊಡುವವರು ಸ್ವಲ್ಪ ಯೋಚನೆ ಮಾಡಬಾರದೇ?

ಹುಲಿಗೆಮ್ಮ ಕಲೆಕ್ಟರ್ ಆದಳು ಅಂತ ನಾನು ಹೇಳುತ್ತೇನೆಂದು ಕಾಯುತ್ತಿದ್ದರೆ ಕಾಯಬ್ಯಾಡ್ರಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ಸಲ ಹೋಯಿತು, ಎರಡನೇ ಸಲ ಪಾಸಾದಳು. ಈಗ ಸಂಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನ ರವಿಕೆ ಅವಳೇ ಹೊಲಿಯುವುದು. ಒಂದು ಫಾರಂ ತಪ್ಪು ಅಂತ ತೋರಿಸಲು ಮಗು ಕಲೆಕ್ಟರೇ ಆಗಬೇಕು ಅನ್ನೋದನ್ನ ನಾನು ಒಪ್ಪುವುದಿಲ್ಲ. ಅವಳು ಹತ್ತು ವರ್ಷದವಳಿದ್ದಾಗಲೇ, ಆ ಎಲೆಯ ಮುಂದೆ, ಸರಿಯಾಗಿದ್ದಳು.

ಮಳೆ ಅದೆಷ್ಟೋ ಸಲ ಬಂದು ಹೋಗಿದೆ. ಕಾರ್ಡು ನಾನಿನ್ನೂ ಕೊಟ್ಟಿಲ್ಲ.

'ಅಜ್ಜಿ, ರಬ್ಬರ್ ಸಿಕ್ತಾ?' ಅಂತ ಅಕ್ಷತಾ ಬಾಗಿಲಲ್ಲಿ ಬಂದು ನಿಂತಳು. ಹಾಳೆ ಕೈಯಲ್ಲೇ ಇತ್ತು, ಕೋಳಿಯ ಸುತ್ತ ದುಂಡನೆಯ ಸುತ್ತು. ಇಷ್ಟೆಲ್ಲ ಕಂಡವಳು, ಅರ್ಧ ಗಂಟೆಯ ಹಿಂದೆ ಕೇಳದೇ 'ತಪ್ಪು' ಅಂದಿದ್ದೆ.

'ಕೋಳಿಗ್ಯಾಕ ಸುತ್ತು ಹಾಕಿದಿ, ಹೇಳು.'

'ಅದಕ್ಕ ಎರಡ ಕಾಲು, ಅಜ್ಜಿ. ಉಳಿದ ಮೂರಕ್ಕೂ ನಾಕ್ನಾಕು.'

ಹಾಳೆ ಇಸಿದುಕೊಂಡೆ. ಆಕಳು, ಆಡು, ಕುರ್ಚಿ. ಎಣಿಸಿದೆ. ಮೂರಕ್ಕೂ ನಾಲ್ಕು. ಟ್ರಂಕು ಮುಚ್ಚಿ, ಅಳಿಸಲು ಬಾರದಂಥ ಪೆನ್ನು ತೆಗೆದುಕೊಂಡು, ಚಿತ್ರದ ಕೆಳಗೆ 'ಸರಿ ಇದೆ, ಕಾರಣ ಅವಳನ್ನೇ ಕೇಳಿ' ಅಂತ ಬರೆದು, ಅವತ್ತು ಹಾಕದೆ ಉಳಿಸಿಕೊಂಡಿದ್ದ ಸಹಿಯನ್ನು ಪೂರ್ತಿ ಹೆಸರಿನಲ್ಲಿ ಹಾಕಿದೆ.

'ಮಿಸ್ ಬೈದ್ರ?' ಅಂದಳು ಹುಡುಗಿ.

'ಬೈದ್ರ ನನ್ನ ಹತ್ರ ಕಳ್ಸು,' ಅಂದೆ.