ಕಲ್ಪಿತವೆಂದು ಹೇಳಿಕೊಂಡ ಕಥೆ

ಆ ಸಿನಿಮಾದ ಕಥೆ ನನ್ನದಲ್ಲ. ನಲವತ್ತು ವರ್ಷ ನನ್ನದೆಂದೇ ಹೇಳಿಕೊಂಡೆ, ಸಭೆಗಳಲ್ಲಿ ಹಾರ ಹಾಕಿಸಿಕೊಂಡೆ, ಕೇಳಿದವರಿಗೆಲ್ಲ ‘ಪೂರ್ತಿ ಕಲ್ಪನೆ’ ಎಂದೆ. ಸುಳ್ಳು. ಅದು ನನ್ನ ಚಿಕ್ಕಮ್ಮನ ಮಗಳು ನನ್ನನ್ನು ನಂಬಿ ಹೇಳಿದ ಗುಟ್ಟು. ಅದನ್ನು ನಾನು ಜನರನ್ನು ನಗಿಸಲು ಬಳಸಿಕೊಂಡೆ. ಅಷ್ಟರಲ್ಲೇ ನಿಂತಿದ್ದರೂ ಸಾಕಿತ್ತು — ನಿಲ್ಲಲಿಲ್ಲ.

ಅವಳನ್ನು ಇಲ್ಲಿ ನೀಲವ್ವ ಎನ್ನುತ್ತೇನೆ. ನಿಜವಾದ ಹೆಸರು ಬೇರೆ.

ನೀಲವ್ವ ಬಬಲೇಶ್ವರದವಳು. ಹನ್ನೆರಡರ ವಯಸ್ಸಿನಲ್ಲಿ ಒಂದು ಮುಂಜಾನೆ ನೆರೆಮನೆಯವಳ ಸೆರಗು ಜಗ್ಗಿ, ‘ಇವತ್ತ ಬಾವಿಗೆ ಹೋಗಬ್ಯಾಡ್ರಿ’ ಎಂದಳಂತೆ. ಮಧ್ಯಾಹ್ನ ಬಾವಿಯ ಕಟ್ಟೆ ಕುಸಿಯಿತು. ಆಮೇಲೆ ಹಾಗೆ ಇನ್ನೆರಡು ಸಲ ಆಯಿತು. ಎಡಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಯಾರೋ ಹೇಳಿದ್ದನ್ನು ಕೇಳಿಸಿಕೊಂಡವಳ ಹಾಗೆ ಒಂದು ಮಾತು ಆಡುತ್ತಿದ್ದಳು, ಅದು ನಡೆದುಬಿಡುತ್ತಿತ್ತು. ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದವನು, ಇಂಥವನ್ನು ನಂಬದವನು. ಆದರೂ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ.

ಹೆಂಗಸರು ತೆಂಗಿನಕಾಯಿ ಹಿಡಿದು ಮನೆಗೆ ಬರತೊಡಗಿದರು. ಮದುವೆಗೆ ನಿಶ್ಚಯವಾಗಿದ್ದ ಸಂಬಂಧ, ‘ದೇವರು ಬರೂ ಹುಡುಗಿ ನಮಗ ಬ್ಯಾಡ’ ಎಂದು ಮುರಿದುಹೋಯಿತು. ಚಿಕ್ಕಮ್ಮ ಅವಳನ್ನು ವಿಜಾಪುರಕ್ಕೆ, ನಮ್ಮ ಮನೆಗೆ ಕಳಿಸಿದಳು. ಪೇಟೆಯಲ್ಲಿ ಅವಳನ್ನು ಬಲ್ಲವರಿರಲಿಲ್ಲ. ಎರಡು ವರ್ಷ ಅವಳು ಹೊಲಿಗೆ ಕಲಿತಳು, ನನ್ನ ತಾಯಿಯ ಜೊತೆ ಹಪ್ಪಳ ಲಟ್ಟಿಸಿದಳು, ಪಕ್ಕದ ಮನೆಯ ಹುಡುಗಿಯರ ಜೊತೆ ಜಗಳವಾಡಿದಳು. ಯಾರೂ ಅವಳ ಕಾಲಿಗೆ ಬೀಳದ ದಿನಗಳು. ಒಮ್ಮೆ ನನ್ನೊಬ್ಬನ ಎದುರು, ‘ಅಣ್ಣಾ, ನನಗ ಎಲ್ಲಾರ ಹಂಗ ಇರೂದಷ್ಟ ಬೇಕಾಗೇತಿ’ ಎಂದಿದ್ದಳು. ಆಗ ಅವಳಿಗೆ ಹದಿನಾರು.

ಟಿಕೋಟಾದ ಒಂದು ಒಕ್ಕಲುಮನೆಗೆ ಅವಳ ಮದುವೆಯಾಯಿತು. ಗಂಡ ಬಸಪ್ಪ ಮೆತ್ತಗಿನ ಮನುಷ್ಯ. ಅತ್ತೆ ಗೌರವ್ವ ಗಟ್ಟಿಗಿತ್ತಿ. ಅವಳ ಹಿರಿಯ ಮಗ ದಂಡಿಗೆ ಸೇರಿ ಬರ್ಮಾದ ಕಡೆ ಯುದ್ಧಕ್ಕೆ ಹೋಗಿದ್ದ. ಕಾಗದ ಬರುವುದು ನಿಂತು ಬಹಳ ದಿನವಾಗಿತ್ತು. ನೀಲವ್ವನ ಹಳೆಯ ಸಂಗತಿಯನ್ನು ನಾವು ಯಾರೂ ಆ ಮನೆಯವರಿಗೆ ಹೇಳಿರಲಿಲ್ಲ.

ಮದುವೆಯ ಮರುವರ್ಷ ಪಂಚಮಿಗೆ ನಮ್ಮ ಮನೆಗೆ ಬಂದಾಗ ಅವಳು ಬಾವಿಕಟ್ಟೆಯ ಹತ್ತಿರ ನನ್ನನ್ನು ಕರೆದು ಹೇಳಿದಳು: ‘ಅಣ್ಣಾ, ನಮ್ಮ ಭಾವ ಹೊಳ್ಳಿ ಬರೂದಿಲ್ಲ. ಅತ್ತಿ ದಿನಾ ಅವರ ಊಟದ ತಾಟ ತೊಳದ ಇಡತಾಳ. ನನಗ ಗೊತ್ತೈತಿ, ಹೇಳಾಂಗಿಲ್ಲ. ಹೇಳಿದ್ರ ನಾ ಆ ಮನಿ ಸೊಸಿ ಆಗಿ ಉಳ್ಯೂದಿಲ್ಲ. ಇದು ನಿನ್ನ ಹೊಟ್ಟ್ಯಾಗ ಇರ್ಲಿ.’

ಇರಲಿ ಎಂದೆ. ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದೆ.

ಆ ವರ್ಷವೇ ನಾನು ಸಾಲೆ ಬಿಟ್ಟು ಕೊಲ್ಹಾಪುರಕ್ಕೆ ಹೋದೆ. ಸಿನಿಮಾ ತೆಗೆಯುವ ಒಂದು ಕಂಪನಿಯಲ್ಲಿ ಸಂಭಾಷಣೆ ನಕಲು ಮಾಡುವ ಕೆಲಸ. ಒಂದು ದಿನ ನಿರ್ದೇಶಕರು, ಹೊಸ ನಗೆಯ ಕಥೆ ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿದರು. ನಾನು ಬಾಯಿ ತೆರೆದೆ — ಮುಂದೆ ಆಗುವುದೆಲ್ಲ ಗೊತ್ತಿರುವ ಒಬ್ಬ ಹುಡುಗಿ, ಎಲ್ಲರಂತೆ ಬಾಳಬೇಕೆಂದು ಅದನ್ನು ಮುಚ್ಚಿಟ್ಟು ಸಂಸಾರ ಮಾಡಲು ಪಡುವ ಪಾಡು. ಅವರು ಮೇಜು ಬಡಿದು ನಕ್ಕರು. ಆ ನಗು ಕೇಳಿದ ಮೇಲೆ ನಾನು ಏನನ್ನೂ ಉಳಿಸಿಕೊಳ್ಳಲಿಲ್ಲ. ದಂಡಿಗೆ ಹೋದ ಮಗ, ಸಿನಿಮಾದಲ್ಲಿ ಮದುವೆಗೆ ಹೆದರಿ ಓಡಿಹೋಗಿ ಬೈರಾಗಿಯಾದವನಾದ. ಅವನ ದಾರಿ ಕಾಯುವ ತಾಯಿಗೆ ಸೊಸೆ ದಿನಕ್ಕೊಂದು ಸುಳ್ಳು ಹೇಳುವುದು ಚಿತ್ರದ ಮುಖ್ಯ ಹಾಸ್ಯವಾಯಿತು. ಎಡಗಿವಿ ಒತ್ತುವುದನ್ನು ನಟಿಗೆ ನಾನೇ ನಿಂತು ಕಲಿಸಿದೆ. ನನ್ನ ಹೆಸರು ಪರದೆಯ ಮೇಲೆ ಬರುವುದಿತ್ತು.

ಯುದ್ಧ ಮುಗಿದ ಮರುವರ್ಷ ಚಿತ್ರ ವಿಜಾಪುರಕ್ಕೆ ಬಂತು. ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ನಾನು ಥಿಯೇಟರಿನ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದೆ. ಅಥಣಿ ರಸ್ತೆಯ ಕಡೆಯಿಂದ ಒಂದು ಸವಾರಿ ಗಾಡಿ ಬಂದು ನಿಂತಿತು. ಬಸಪ್ಪ ಜಿಗಿದಿಳಿದ. ‘ಮಾಸ್ತರ, ನೀವು ಬರದ ಸಿನಿಮಾ ಅಂತ ಇಡೀ ಊರಿಗೆ ಹೇಳೇನ್ರಿ! ಅವ್ವನ್ನೂ ಕರ್ಕೊಂಡ ಬಂದೀನಿ.’ ಹಿಂದಿನಿಂದ ಗೌರವ್ವ ಇಳಿದಳು. ಆಮೇಲೆ ನೀಲವ್ವ.

ಅವರು ಬರುತ್ತಾರೆಂದು ನಾನು ಎಣಿಸಿರಲೇ ಇಲ್ಲ.

ನೀಲವ್ವ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ಅವಳ ಅಂಗೈ ಎಡಗಿವಿಗೆ ಹೋಗಿತ್ತು. ‘ಅಣ್ಣಾ, ನನಗ ತಲಿ ನೋಯಾಕತ್ತೈತಿ. ನಾವು ಹೊಳ್ಳಿ ಹೊಕ್ಕೇವಿ.’ ಆಗ ‘ಹೂಂ, ಹೋಗ್ರಿ’ ಎಂದಿದ್ದರೆ ಸಾಕಿತ್ತು. ಬಸಪ್ಪನ ಮುಖದ ಹಿಗ್ಗು ನೋಡಿದೆ. ಅದು ನನ್ನ ಹಿಗ್ಗೂ ಆಗಿತ್ತು. ‘ಹುಚ್ಚಿ, ನಗೂ ಸಿನಿಮಾ ಅದು, ನಡಿ’ ಎಂದೆ.

ಥಿಯೇಟರಿನ ಮಾಲೀಕರು ನಮ್ಮವರಿಗೆಂದು ಹಿಂದಿನ ಬಾಕ್ಸ್ ಸೀಟುಗಳನ್ನು ಬಿಡಿಸಿಕೊಟ್ಟರು. ಒಂದು ತುದಿಗೆ ನಾನು, ನನ್ನ ಪಕ್ಕದಲ್ಲಿ ಗೌರವ್ವ, ಅವಳಾಚೆ ನೀಲವ್ವ, ಕೊನೆಗೆ ಬಸಪ್ಪ. ಚಿತ್ರ ಮರಾಠಿಯಲ್ಲಿತ್ತು. ಗೌರವ್ವನಿಗೆ ಸಂತೆಯ ಮರಾಠಿ ಬರುತ್ತಿತ್ತು, ಸಿನಿಮಾದ ಓಟದ ಮಾತು ಹಿಡಿಯಲಾಗುತ್ತಿರಲಿಲ್ಲ. ನನ್ನ ಹೆಸರು ಬಂದಾಗ ಚಪ್ಪಾಳೆ ಬಿತ್ತು. ನಗು ಶುರುವಾಯಿತು. ನಾನು ಪರದೆ ನೋಡುತ್ತಿರಲಿಲ್ಲ. ಎಷ್ಟು ರೀಲು ಮುಗಿದವು, ಸೊಸೆ ಕಿವಿ ಒತ್ತಿಕೊಳ್ಳುವ ಆ ದೃಶ್ಯಕ್ಕೆ ಇನ್ನೆಷ್ಟು ಉಳಿದಿದೆ ಎಂದು ಬೆವರುತ್ತ ಲೆಕ್ಕ ಹಾಕುತ್ತಿದ್ದೆ. ಎದ್ದು ಹೊರಗೆ ಕರೆದೊಯ್ಯಬಹುದಿತ್ತು. ಏಳಲಿಲ್ಲ.

ಆ ದೃಶ್ಯ ಬಂತು. ಪರದೆಯ ಮೇಲಿನ ಸೊಸೆ ಕಿವಿ ಒತ್ತಿಕೊಂಡು, ನಮ್ಮ ಕಡೆ ತಿರುಗಿ, ನಾನು ಬಾವಿಕಟ್ಟೆಯ ಹತ್ತಿರ ಕೇಳಿದ್ದ ಆ ಮಾತು ಹೇಳಿದಳು. ಥಿಯೇಟರು ನಗುವಿನಿಂದ ನಡುಗಿತು. ಗೌರವ್ವ ನನ್ನ ತೋಳು ಮುಟ್ಟಿದಳು. ‘ಏನಂದ್ಲೋ ಯಪ್ಪಾ ಆಕಿ? ಎಲ್ಲಾರೂ ಯಾಕ ನಗಾಕತ್ತಾರ?’

ಏನಾದರೂ ಹೇಳಬಹುದಿತ್ತು. ಅಡುಗೆ ಸುಟ್ಟಿತು ಎನ್ನಬಹುದಿತ್ತು. ಆದರೆ ಇಡೀ ಥಿಯೇಟರಿನಲ್ಲಿ ನಗದೆ ಕೂತವಳು ಅವಳೊಬ್ಬಳೇ — ಅವಳೂ ನಗಲಿ ಎನಿಸಿತು ನನಗೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ನನ್ನ ಬಾಯಿಂದ ನೀಲವ್ವನ ಮಾತೇ ಬಂತು, ಹೆಚ್ಚುಕಡಿಮೆ ಹಾಗೇ: ‘ಮಗ ಹೊಳ್ಳಿ ಬರೂದಿಲ್ಲ ಅಂತ ಆಕಿಗೆ ಗೊತ್ತೈತ್ರಿ. ಹೇಳಾಂಗಿಲ್ಲ. ಹೇಳಿದ್ರ ಆ ಮನಿ ಸೊಸಿ ಆಗಿ ಉಳ್ಯೂದಿಲ್ಲ ಅಂತಾಳ.’

ಗೌರವ್ವ ನಗಲಿಲ್ಲ. ಪರದೆಯ ಹುಡುಗಿಯ ಕೈ ನೋಡಿದಳು. ನಿಧಾನವಾಗಿ ತನ್ನ ಸೊಸೆಯ ಕಡೆ ತಿರುಗಿದಳು. ನೀಲವ್ವನ ಅಂಗೈ ಎಡಗಿವಿಯ ಮೇಲೇ ಇತ್ತು. ಕಣ್ಣು ಮುಚ್ಚಿದ್ದಳು.

ಆಟ ಬಿಟ್ಟ ಮೇಲೆ ಬಿಸಿಲಲ್ಲಿ, ಜನರ ನಡುವೆ ಗೌರವ್ವ ಸೊಸೆಯ ಎರಡೂ ಭುಜ ಹಿಡಿದಳು. ‘ನನ್ನ ಮಗ ಅದಾನೇನ? ಹೇಳ.’

ನೀಲವ್ವ ತಲೆ ತಗ್ಗಿಸಿದಳು. ಗೌರವ್ವ ರಸ್ತೆಯಲ್ಲೇ ಕುಸಿದು ಕೂತಳು. ಅವಳನ್ನು ಎತ್ತಲು ಬಗ್ಗಿದ ನೀಲವ್ವ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ — ಸಿಟ್ಟಿದ್ದರೆ ಇಷ್ಟು ವರ್ಷ ನಾನು...

ಆ ಮನೆಯವರು ನೀಲವ್ವನನ್ನು ಹೊರಗೆ ಹಾಕಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಅತ್ತು ಮುಗಿಸಿದ ಮೇಲೆ ಗೌರವ್ವ ಸೊಸೆಗೆ ಕೈ ಮುಗಿದಳು. ‘ಇನ್ನ ನೀ ರೊಟ್ಟಿ ಬಡಿಯೂದು ಬ್ಯಾಡವ್ವಾ’ ಎಂದು ಅಡುಗೆಮನೆಯಿಂದ ಎಬ್ಬಿಸಿ ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿದಳು. ಬಸಪ್ಪನ ಹಾಸಿಗೆ ಹೊರಗಿನ ಕೋಣೆಗೆ ಹೋಯಿತು. ದಂಡಿಗೆ ಹೋದ ಮಕ್ಕಳ ಸುದ್ದಿ ಕೇಳಲು ಸುತ್ತಲಿನ ಹಳ್ಳಿಗಳ ತಾಯಂದಿರು ಬರತೊಡಗಿದರು.

ಒಮ್ಮೆ ನಾನೂ ಹೋದೆ, ತಪ್ಪೊಪ್ಪಿಕೊಳ್ಳಬೇಕೆಂದು. ಜನರ ನಡುವೆ ಕೂತೆ. ನನ್ನ ಸರದಿ ಬಂದಾಗ ಅಷ್ಟು ಮಂದಿ ನನ್ನನ್ನೇ ನೋಡುತ್ತಿದ್ದರು. ನನ್ನ ಮುಂದಿನ ಚಿತ್ರ ಓಡುತ್ತದೆಯೇ ಎಂದು ಕೇಳಿದೆ. ಹೌದು, ಅದನ್ನೇ ಕೇಳಿದೆ. ‘ಊಟ ಮಾಡಿ ಹೋಗಣ್ಣಾ’ ಎಂದಳು ನೀಲವ್ವ. ಅಷ್ಟೇ.

ಗೌರವ್ವ ತೀರಿಕೊಂಡ ಕೆಲವೇ ದಿನಗಳಲ್ಲಿ ಗಂಡ ಹೆಂಡತಿ ಟಿಕೋಟಾ ಬಿಟ್ಟರು. ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ. ಬಹಳ ವರ್ಷಗಳ ಮೇಲೆ ವಿಜಾಪುರದ ಪೇಟೆಯಲ್ಲಿ ಬಸಪ್ಪ ಎದುರಾದ, ತಲೆ ನರೆತಿತ್ತು. ಬಬಲೇಶ್ವರದ ಚಿಕ್ಕಮ್ಮನಿಗೆ ಏನಾದರೂ ಆದರೆ ತಿಳಿಸಲೆಂದು ತಾವಿರುವ ಊರಿನ ಹೆಸರು ಹೇಳಿದ. ‘ಅಲ್ಲಿ ಆಕಿನ್ನ ಯಾರೂ ಏನೂ ಕೇಳೂದಿಲ್ರಿ. ಮೂರು ಮಕ್ಕಳ ತಾಯಿ, ಅಷ್ಟ. ನೀವು ಬರಬ್ಯಾಡ್ರಿ ಮಾಸ್ತರ’ ಎಂದು ಕೈ ಮುಗಿದ.

ಆ ಊರು ಇಲ್ಲಿಂದ ಬಸ್ಸಿಗೆ ಎರಡು ಗಂಟೆಯ ದಾರಿ. ಕ್ಷಮೆ ಕೇಳಲು ಎಷ್ಟೋ ಸಲ ಹೊರಟು ನಿಂತಿದ್ದೇನೆ. ಹೋದರೆ, ಏನನ್ನೋ ಕೇಳಲು ಅವಳ ಬಾಗಿಲಿಗೆ ಬಂದವರಲ್ಲಿ ನಾನೂ ಒಬ್ಬನಾಗುತ್ತೇನೆ. ಹಾಗಾಗಿ ಹೋಗಿಲ್ಲ. ಊರಿನ ಹೆಸರನ್ನು ಹೆಂಡತಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.