ಅಕ್ಕನ ಕಣ್ಣು ಮತ್ತು ನನ್ನ ಪ್ರಸಂಗ

ಅಕ್ಕನಿಗೆ ಕಣ್ಣು ಬರಬಹುದಿತ್ತು. ಬಾರದಂತೆ ಮಾಡಿದವನು ನಾನು.

ಇಷ್ಟು ನೇರವಾಗಿ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹೊಸನಗರದ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಇವತ್ತಿಗೂ ಮಾರ್ಥಕ್ಕನ ಹೆಸರು ಬಂದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ — ಕಣ್ಣು ಹೋದರೂ ಎಂಥ ಆನಂದ, ದೇವರು ಇಟ್ಟ ಹಾಗೆ ಇರುವುದರಲ್ಲಿ ಎಂಥ ತೃಪ್ತಿ! ಆ ಮಾತುಗಳನ್ನು ಅವರ ಬಾಯಿಗೆ ಕೊಟ್ಟವನೂ ನಾನೇ. ಅದರಲ್ಲಿ ದೇವರು ಇಟ್ಟದ್ದೆಷ್ಟು, ನಾನು ಕಿತ್ತುಕೊಂಡದ್ದೆಷ್ಟು — ಅದನ್ನು ಮಾತ್ರ ಹೇಳಲಿಲ್ಲ.

ನಾನು ಆ ಸಭೆಯ ಉಪದೇಶಿ. ಅವ್ವ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ನನ್ನನ್ನು ಎತ್ತಿ ಬೆಳೆಸಿದವಳು ಮಾರ್ಥಕ್ಕ. ಅವಳನ್ನು ಕೇಳಿಕೊಂಡು ಬಂದ ಗಂಡುಗಳನ್ನೆಲ್ಲ "ತಮ್ಮ ದೊಡ್ಡವನಾಗ್ಲಿ" ಎಂದು ವಾಪಸು ಕಳಿಸಿದಳು. ತಮ್ಮ ದೊಡ್ಡವನಾಗುವಷ್ಟರಲ್ಲಿ ಕೇಳುವವರು ಬರುವುದು ನಿಂತಿತ್ತು. ನನಗೆ ಹೊಸನಗರದಲ್ಲಿ ಕೆಲಸವಾದಾಗ ಜೊತೆಗೇ ಬಂದಳು. ಹಂಚಿನ ಪ್ರಾರ್ಥನಾ ಮಂದಿರ, ಅದಕ್ಕೆ ಆತುಕೊಂಡ ಎರಡು ಕೋಣೆಯ ಮನೆ. ಸಭೆಯಲ್ಲಿ ಘಟ್ಟದ ಕೆಳಗಿನಿಂದ ಬಂದ ಕೆಲವು ಬಡಗಿಗಳ ಸಂಸಾರ, ಆಸ್ಪತ್ರೆಯ ಒಬ್ಬ ಕಂಪೌಂಡರು. ಆದಿತ್ಯವಾರ ಹಾಸಿದ ಚಾಪೆಯಲ್ಲಿ ಅರ್ಧ ಖಾಲಿಯೇ ಇರುತ್ತಿತ್ತು. ಆ ಖಾಲಿ ಅರ್ಧ ನನ್ನನ್ನು ತಿನ್ನುತ್ತಿತ್ತು. ಇದ್ದುದರಲ್ಲಿ ಸಂತುಷ್ಟರಾಗಿರಿ ಎಂದು ಬೋಧಿಸುತ್ತಿದ್ದವನಿಗೇ ಇದ್ದುದು ಸಾಲುತ್ತಿರಲಿಲ್ಲ.

ಕೆಲವು ವರ್ಷಕ್ಕೆ ಅಕ್ಕನ ಕಣ್ಣು ಮಬ್ಬಾಗತೊಡಗಿತು. ಮೊದಮೊದಲು ಅವಳು ಅದನ್ನು ಮಂಜು ಎಂದುಕೊಂಡಳು. ನಮ್ಮ ಕಡೆ ಚಳಿಗಾಲದ ಬೆಳಗು ಹಾಗೆಯೇ — ಎದುರಿನ ಗುಡ್ಡ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ದನದ ಗಂಟೆ ಮಾತ್ರ ಎಲ್ಲಿಂದಲೋ ತೇಲಿ ಬರುತ್ತದೆ. ಬಿಸಿಲೇರಿದರೂ ಮಂಜು ಕರಗದಿದ್ದಾಗ ಹೆದರಿದಳು. ಕುದಿಯುವ ಗಂಜಿ ಕೈತಪ್ಪಿ ಚೆಲ್ಲಿದ ದಿನ "ದೇವ್ರಿಗೆ ಬೇರೆ ಯಾರೂ ಸಿಗ್ಲಿಲ್ವ?" ಎಂದು ಗೋಡೆಗೆ ಹಣೆಯೊತ್ತಿ ಅತ್ತಳು. ಎಷ್ಟೋ ದಿನ ಪ್ರಾರ್ಥನೆಗೂ ಬರಲಿಲ್ಲ.

ಆಮೇಲೆ ಅವಳೊಳಗೆ ಏನೋ ತಿಳಿಯಾಯಿತು. ಹೇಗೆಂದು ನಾನು ಕೇಳಲೇ ಇಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು.

"ಬೆಳಕು ಪೂರ್ತಿ ಹೋಗಿಲ್ಲ ತಮ್ಮಾ. ಎಲ್ಲ ಹಾಲಲ್ಲಿ ಅದ್ದಿ ತೆಗ್ದಂಗೆ ಕಾಣ್ತದೆ. ಇಷ್ಟಾದ್ರೂ ಉಳಿದಿದ್ಯಲ್ಲ," ಎಂದು ನಕ್ಕಳು. ನಕ್ಕು, ಹಾಡತೊಡಗಿದಳು.

ಆ ಹಾಡು — ಅದನ್ನು ಹೇಗೆ ಹೇಳಲಿ? ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಯಾರಿಗೂ ಕೇಳಿಸಲೆಂದು ಅವಳು ಹಾಡುತ್ತಿರಲಿಲ್ಲ. ಕೊಡ ತುಂಬಿದ ಮೇಲೆ ನೀರು ತಾನಾಗಿ ಹೊರಚೆಲ್ಲುವ ಹಾಗಿತ್ತು ಅದು. ನಾನು ಅವಳನ್ನು ಆದಿತ್ಯವಾರ ಎಲ್ಲರ ಮುಂದೆ ನಿಲ್ಲಿಸಿದೆ. ಅವಳು ಹಾಡಿದಳು, ನಾನು ಅವಳ ಕಡೆ ಕೈತೋರಿಸಿ ಪ್ರಸಂಗ ಮಾಡಿದೆ. ಮುಂದಿನ ವಾರ ಚಾಪೆ ತುಂಬಿತು. ನಗರ, ತೀರ್ಥಹಳ್ಳಿಯಂಥ ಊರುಗಳ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಕಣ್ಣಿಲ್ಲದ ಮಾರ್ಥಕ್ಕನ ಆನಂದವನ್ನು ನೋಡಲು ಬಂದರು. ನನಗೆ — ಬರೆಯಲು ನಾಚಿಕೆಯಾಗುತ್ತದೆ — ಅದು ನನ್ನದೇ ಆನಂದವೆಂಬಂತೆ ಅನ್ನಿಸತೊಡಗಿತು.

ಆ ಬೇಸಿಗೆ ಸಾಗರಕ್ಕೆ ಕಣ್ಣಿನ ಡಾಕ್ಟರೊಬ್ಬರು ಬಂದು ಕ್ಯಾಂಪು ಹಾಕಿದ್ದರು. ಕಂಪೌಂಡರು ಒತ್ತಾಯ ಮಾಡಿದ್ದಕ್ಕೆ ಅಕ್ಕನನ್ನು ಕರೆದುಕೊಂಡು ಹೋದೆ. ಡಾಕ್ಟರು ಅವಳ ಕಣ್ಣಿಗೆ ಬೆಳಕು ಹಿಡಿದು ನೋಡಿ, ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬರಲು ಹೇಳಿ, ನನ್ನೊಡನೆ ಮಾತಾಡಿದರು.

"ಇದು ಪೊರೆ, ಅಷ್ಟೆ. ಮುಂದಿನ ಬೇಸಿಗೆಗೆ ಬಲಿತಿರುತ್ತೆ, ನಾನು ಇಲ್ಲಿಗೇ ಬರ್ತೀನಿ. ತೆಗೆದುಬಿಟ್ರೆ ನಿಮ್ಮ ಮುಖ ಚೆನ್ನಾಗಿ ಕಾಣುತ್ತೆ ಅವರಿಗೆ. ಮರೀಬೇಡಿ, ತಡ ಮಾಡಬೇಡಿ."

ಖರ್ಚಿನ ಮಾತೇ ಇರಲಿಲ್ಲ. ದೂರದ ಮಾತೂ ಇರಲಿಲ್ಲ. ಬಾಗಿಲಿನಿಂದ ಆ ಬೆಂಚಿಗೆ ನಾಲ್ಕು ಹೆಜ್ಜೆ ಇದ್ದೀತು. ಅಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಹಾದುಹೋದದ್ದನ್ನು ಎಷ್ಟು ಸಲ ಅಗೆದು ನೋಡಿದ್ದೇನೆ! ಶಸ್ತ್ರಕ್ರಿಯೆಗೆ ಹೆದರಿದೆ ಎನ್ನಲೆ? ಹೆದರಲಿಲ್ಲ. ಆ ತಿಂಗಳು ನಮ್ಮ ಮೇಲಿನ ಪಾದ್ರಿಗಳು ಅಕ್ಕನ ಬಾಯಿಂದಲೇ ಅವಳ ನಂಬಿಕೆಯ ಸಾಕ್ಷಿ ಕೇಳಲೆಂದೇ ಹೊಸನಗರಕ್ಕೆ ಬರುವವರಿದ್ದರು. ನನ್ನ ಕಣ್ಣ ಮುಂದೆ ಕಣ್ಣು ಬಂದ ಅಕ್ಕ ನಿಂತಳು — ಅಕ್ಕಿ ಆರಿಸುವ, ಬಾವಿಯಿಂದ ನೀರು ಸೇದುವ, ಎಲ್ಲರಂಥ ಒಬ್ಬ ಹೆಂಗಸು. ಅವಳ ಹಿಂದೆ ಅರ್ಧ ಖಾಲಿ ಚಾಪೆ.

"ಎಂತ ಹೇಳಿದ್ರು ತಮ್ಮಾ?" ಎಂದಳು ಅಕ್ಕ, ನನ್ನ ಹೆಜ್ಜೆಯ ಸದ್ದಿನ ಕಡೆ ತಿರುಗಿ.

"ದೇವರ ಚಿತ್ತ ಹೀಗೇ ಇದೆ ಅಕ್ಕಾ. ಆಗೋದಿಲ್ವಂತೆ."

ನನ್ನ ಸುಳ್ಳಿಗೆ ನಾನು ದೇವರ ಹೆಸರಿಟ್ಟೆ. ಅವಳು ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುವವಳಂತೆ ತಲೆ ಬಗ್ಗಿಸಿ ಕೂತಳು. "ಆಗ್ಲಿ," ಎಂದಳು. "ಸುಮ್ನೆ ಆಸೆ ಇಟ್ಕೊಂಡಿದ್ದೆ."

ಮುಂದಿನ ಬೇಸಿಗೆ ಬಂತು. ಡಾಕ್ಟರು ಬಂದರು, ಹೋದರು. ಅದೇ ಸುಳ್ಳನ್ನು ನಂಬಿದ್ದ ಕಂಪೌಂಡರಿಗೂ ವರ್ಗವಾಯಿತು.

ಆಮೇಲಿನ ವರ್ಷಗಳು ನನಗೆ ಕನಸಿನಲ್ಲಿ ಕಂಡಂತೆ ನೆನಪಿವೆ. ಅಕ್ಕನ ಹಾಲಿನ ಬೆಳಕು ಬೂದಿಯಾಯಿತು, ಬೂದಿ ಕಪ್ಪಾಯಿತು. ಆದರೂ ಬೆಳಿಗ್ಗೆ ಅದೇ ಮೆಟ್ಟಿಲು, ಅದೇ ಹಾಡು. ನನಗೆ ಮದುವೆಯಾಯಿತು, ಎಸ್ತೇರ್ ಹುಟ್ಟಿದಳು. ಕೂಸನ್ನು ಅಕ್ಕನ ಮಡಿಲಿಗಿಟ್ಟಾಗ ಅವಳು ಬೆರಳ ತುದಿಯಿಂದ ಹುಬ್ಬು, ಮೂಗು, ಗಲ್ಲ ಎಲ್ಲ ಸವರಿ, "ಬಣ್ಣ ಯಾರ್ದು? ಅವ್ವಂದಾ? ಹೇಳು ತಮ್ಮಾ, ಸರಿಯಾಗಿ ಹೇಳು," ಎಂದಳು. ನಾನು ಏನು ಹೇಳಿದೆನೋ! ಆ ಗಳಿಗೆಯಲ್ಲಾದರೂ ನಾನು ಎಚ್ಚರಗೊಳ್ಳಬೇಕಿತ್ತು.

ಮಹಾಯುದ್ಧದ ಕಾಲದಲ್ಲಿ ಅವಳ ಕಣ್ಣಿಗೆ ವಿಪರೀತ ನೋವು ಶುರುವಾಯಿತು. ತಲೆ ಸೀಳುತ್ತದೆ ಎಂದು ಚಾಪೆಯ ಮೇಲೆ ಹೊರಳಿದಳು. ಶಿವಮೊಗ್ಗಕ್ಕೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಅವಳೆದುರಿಗೇ ಕೇಳಿದರು: "ಇಷ್ಟು ದಿನ ಎಂತ ಮಾಡ್ತಿದ್ರಿ? ಬಲಿತ ಪೊರೆ ಒಳಗೇ ಕೊಳೆತು ಹೋಗಿದೆ. ಆಗ್ಲೇ ತೆಗ್ಸಿದ್ರೆ ಚೆನ್ನಾಗಿ ಕಾಣ್ತಿತ್ತು. ಈಗ ನೋವು ಇಳಿಸ್ಬಹುದು, ದೃಷ್ಟಿ ಬರೋದಿಲ್ಲ."

ನೋವು ಇಳಿದ ಮೇಲೆ ಊರಿಗೆ ಹೊರಟೆವು. ಪೆಟ್ರೋಲು ಸಿಗದ ಕಾಲ, ಆಗ ಇದ್ದಿಲು ಉರಿಸಿ ಓಡಿಸುವ ಗ್ಯಾಸಿನ ಬಸ್ಸು. ಆನಂದಪುರದ ಹತ್ತಿರ ಏರಿನಲ್ಲಿ ನಿಂತುಬಿಟ್ಟಿತು. ಜನರೆಲ್ಲ ಇಳಿದು ಮರದ ನೆರಳಿಗೆ ಹೋದರು, ಕ್ಲೀನರು ಇದ್ದಿಲು ಕೆದಕತೊಡಗಿದ. ನಾವಿಬ್ಬರು ಗದ್ದೆಯ ಬದುವಿನ ಮೇಲೆ ಕೂತೆವು. ಮಧ್ಯಾಹ್ನದ ಬಿಸಿಲಿಗೆ ಪೈರು ನಿಂತ ನೀರಿನಂತೆ ಹೊಳೆಯುತ್ತಿತ್ತು.

"ಆವತ್ತು ಸಾಗರದ ಡಾಕ್ಟ್ರು ಎಂತ ಹೇಳಿದ್ರು?" ಅಕ್ಕ ಮೆಲ್ಲಗೆ ಕೇಳಿದಳು. "ಸರಿಯಾಗಿ ಹೇಳು."

ಹೇಳಿದೆ. ಎಲ್ಲ ಹೇಳಿದೆ.

"ಯಾಕೆ?"

"ಜನ... ಜನ ನಿನ್ನ ನೋಡಿ ನಂಬ್ತಿದ್ರು ಅಕ್ಕಾ."

ಅವಳು ಬದುವಿನ ಹುಲ್ಲನ್ನು ಬೆರಳ ತುದಿಯಿಂದ ಸವರುತ್ತ ಕೂತಳು. "ಎಸ್ತೇರಳ ಮುಖ ನೋಡಬಹುದಿತ್ತು ನಾನು," ಎಂದಳು ಕೊನೆಗೆ. ಬಯ್ಯಲಿಲ್ಲ. ಬಸ್ಸು ಹೊರಟಾಗ ಕೈಹಿಡಿಯಲು ಹೋದೆ. ಅವಳು ನನ್ನ ಕೈ ಸರಿಸಿ, ಪಕ್ಕದ ಹೆಂಗಸಿನ ಭುಜ ಹಿಡಿದು ಹತ್ತಿದಳು.

ಊರಿಗೆ ಬಂದ ಮೇಲೆ ಹಾಡು ನಿಂತಿತು. ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅಕ್ಕನಿಗೆ ಹುಷಾರಿಲ್ಲ ಎಂದು ಸಭೆಗೆ ಹೇಳಿದೆ. ಹೀಗೆ ಒಂದು ಚಳಿಗಾಲ ಕಳೆಯಿತು. ಮಾವಿನ ಮರ ಹೂಬಿಟ್ಟ ಒಂದು ಬೆಳಿಗ್ಗೆ, ಎಸ್ತೇರ್ ಅವಳ ಪಕ್ಕ ಕೂತು ಆಕಾಶ ಹೇಗಿದೆ, ಹಕ್ಕಿ ಎಲ್ಲಿ ಕೂತಿದೆ ಎಂದು ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅಕ್ಕ ನಿಧಾನವಾಗಿ ಗುನುಗತೊಡಗಿದಳು. ಮೊದಲಿಗಿಂತ ತಗ್ಗಿದ ಸ್ವರ. ಒಡೆದದ್ದನ್ನು ತಾನೇ ಕೂತು ಜೋಡಿಸಿಕೊಂಡವಳ ಸ್ವರ. ನಾನು ಬಾಗಿಲಲ್ಲಿ ನಿಂತು ಅತ್ತೆ. ನನ್ನ ಉಸಿರಿನ ಸದ್ದಿಗೆ ಅವಳು ಹಾಡು ನಿಲ್ಲಿಸಿದಳು.

"ಸಂತೋಷ ಇದೆ ತಮ್ಮಾ," ಎಂದಳು. "ದೇವರು ಕೈಬಿಟ್ಟಿಲ್ಲ. ಆದ್ರೆ ಇನ್ಮೇಲೆ ನೀನು ಅದ್ರ ಬಗ್ಗೆ ಮಾತಾಡ್ಬೇಡ."

ಇಷ್ಟೇ. ನನ್ನ ಹೆಂಡತಿಗೂ, ಎಸ್ತೇರಳಿಗೂ, ಯಾರಿಗೂ ಅವಳು ನನ್ನ ತಪ್ಪನ್ನು ಹೇಳಲಿಲ್ಲ. ಅವಳ ಮೌನವನ್ನು ನಾನು ಕ್ಷಮೆ ಎಂದು ಹೆಸರಿಟ್ಟುಕೊಂಡೆ. ಅವಳು ಹಾಗೆಂದಿರಲಿಲ್ಲ.

ಹೋದ ವರ್ಷ ಜ್ವರ ಬಂದು ಅಕ್ಕ ತೀರಿಕೊಂಡಳು. ಮಂದಿರದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವಳ ಶವಪೆಟ್ಟಿಗೆಯ ಮುಂದೆ ನಿಂತೆ. ಮಾತಾಡಬೇಡ ಎಂದಿದ್ದಳು — ಅದು ನೆನಪಿತ್ತು, ಸ್ಪಷ್ಟವಾಗಿ ನೆನಪಿತ್ತು. ಆದರೂ ಬಾಯಿ ತೆರೆದೆ. ಕುರುಡುತನವೆಂಬ ದೇವರ ಚಿತ್ತವನ್ನು ನಗುತ್ತ ಒಪ್ಪಿಕೊಂಡ ಸಹೋದರಿ ಎಂದು ಪ್ರಸಂಗ ಮಾಡಿದೆ. ಜನ ಬಿಕ್ಕಿದರು. ಎಲ್ಲರೂ ಹೇಳಿದರು, ನನ್ನ ಪ್ರಸಂಗಗಳಲ್ಲೇ ಅದು ಅತ್ಯುತ್ತಮವಾದದ್ದು ಎಂದು.

ಅಂದಿನಿಂದ ಒಂದು ಕನಸು ಬೀಳುತ್ತದೆ. ಬೆಳ್ಳನೆಯ ಮಂಜು, ಅದರೊಳಗೆ ಅಕ್ಕ ನನ್ನ ಕಡೆ ನಡೆದು ಬರುತ್ತಾಳೆ, ಕಣ್ಣು ಅಗಲವಾಗಿ ತೆರೆದಿದೆ. ನೋಡಬೇಕೆಂದಿದ್ದವರನ್ನು ನೋಡಲು ಹೊರಟವಳಂತೆ ನನ್ನನ್ನು ದಾಟಿ ಹೋಗುತ್ತಾಳೆ. ನಾನು ಕೂಗುವುದಿಲ್ಲ. ಕೂಗುವ ಹಕ್ಕು ನನಗಿಲ್ಲವೆಂದು ಕನಸಿನಲ್ಲೂ ಗೊತ್ತಿರುತ್ತದೆ.

ಅಕ್ಕನ ಆನಂದ ಸುಳ್ಳಾಗಿರಲಿಲ್ಲ. ಅದು ನನ್ನ ತಪ್ಪನ್ನು ಒಂದು ಎಳ್ಳಿನಷ್ಟೂ ಹಗುರ ಮಾಡುವುದಿಲ್ಲ. ಅವಳು ಕತ್ತಲೆಯಲ್ಲಿ ಅದನ್ನು ಕಂಡುಕೊಂಡಳೆಂದು ಕತ್ತಲೆ ತಂದವನಿಗೆ ಅದರಲ್ಲಿ ಪಾಲಿಲ್ಲ.

ಬರುವ ಆದಿತ್ಯವಾರ ಸಭೆಯ ಮುಂದೆ ಇದನ್ನೆಲ್ಲ ಹೇಳುತ್ತೇನೆ. ಉಪದೇಶಿಯ ಕೆಲಸ ಉಳಿಯಲಾರದು; ಉಳಿಯಬಾರದು ಕೂಡ. ಆದರೆ ಅದಕ್ಕೂ ಮೊದಲು ಹೇಳಬೇಕಾದವಳು ಮನೆಯಲ್ಲೇ ಇದ್ದಾಳೆ. ಅತ್ತೆಗೆ ಕಣ್ಣಿಲ್ಲದ್ದು ದೇವರ ಚಿತ್ತ ಎಂದು ಅವಳೂ ನನ್ನಿಂದಲೇ ಕಲಿತಿದ್ದಾಳೆ.

ಇಷ್ಟು ಬರೆದು ಎಸ್ತೇರಳನ್ನು ಕರೆದೆ. "ಬಂದೆ ಅಪ್ಪಾ," ಎಂದು ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತಿದ್ದಾಳೆ.