ಕಚ್ಚಿದ ನಾಯಿಯ ಕ್ಷೇಮ ಸಮಾಚಾರ

ಆದಿಲಕ್ಷ್ಮಮ್ಮನ ಬಾಯಿಗೆ ಬೀಗವಿಲ್ಲ ಎಂದು ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು ಕಷ್ಟ? ಮನೆ ತುಂಬ ಜನರನ್ನು ಇಟ್ಟುಕೊಂಡವರಿಗೆ, ದಿನಕ್ಕೆ ಒಂದೆರಡು ಗಂಟೆ ಮಾತ್ರ ಮಾತು ಸಿಗುವವಳ ಅವಸರ ಎಲ್ಲಿ ಅರ್ಥವಾಗಬೇಕು!

ಅವಳದು ಕೆಚ್ಚುವ ಕೆಲಸ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿಯುತ್ತಲೇ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಸವರಿಕೊಂಡು ಕೂತರೆ ಕತ್ತು ಎತ್ತುವಂತಿಲ್ಲ. ಆದರೆ ಬಾಯಿಗೆ ಬಿಡುವಿದೆಯಲ್ಲ! ಪವರ್‌ಲೂಮ್ ಓಡುವ ಮನೆಯಲ್ಲಿ ಎದುರು ನಿಂತವರ ಮಾತೂ ಕೇಳಿಸುವುದಿಲ್ಲ, ಅಲ್ಲಿ ಎಲ್ಲವೂ ಕೈಸನ್ನೆ. ಇವಳು ಹೋಗುವುದು ಮಗ್ಗ ನಿಂತಾಗ. ಆಗ ಮನೆಯ ಹೆಂಗಸರು ಹತ್ತಿರ ಬಂದು ಕೂರುತ್ತಾರೆ, ಕಾಫಿ ಕೊಡುತ್ತಾರೆ, ಮಾತು ಹರಿಯುತ್ತದೆ. ಕೆಚ್ಚಿ ಮುಗಿಯಿತೋ, ಸ್ವಿಚ್ ಒತ್ತುತ್ತಾರೆ, ಮಗ್ಗ ಧಡಧಡ ಶುರುವಾಗುತ್ತದೆ, ಇವಳು ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು. ಯಾರ ಮನೆಯ ಮಗ್ಗ ಓಡುವಾಗಲೂ ಅವಳಿಗೆ ಅಲ್ಲಿ ಜಾಗವಿಲ್ಲ.

ಗಂಡ ಧರ್ಮಾವರಕ್ಕೆ ರೇಷ್ಮೆ ಮಗ್ಗದ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿಲ್ಲ. ವಠಾರದ ಕೊನೆಯ ಕೋಣೆಯಲ್ಲಿ ಒಬ್ಬಳೇ. ಐವತ್ತು ದಾಟಿದ ಮೇಲೆ ಅವಳಿಗೆ ಒಂದೇ ಒಂದು ಭಯ ಹಿಡಿದಿತ್ತು. ಸಾಯುವ ಭಯವಲ್ಲ. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಎಷ್ಟು ಹೊತ್ತಿಗೆ ಯಾರಿಗೆ ಗೊತ್ತಾಗುತ್ತದೆ ಎನ್ನುವ ಭಯ. ‘ಹೆಂಗಿದ್ದೀಯಮ್ಮ’ ಎಂದು ಕೇಳಲು ದಿನಕ್ಕೊಬ್ಬರು ಬಂದರೆ ಸಾಕು, ಬೇರೇನೂ ಬೇಡ ಎನ್ನುತ್ತಿದ್ದಳು. ಬಾಯಿಬಿಟ್ಟು ಹೇಳಿದ್ದು ದೇವರ ಪಟದ ಮುಂದೆ ಮಾತ್ರ.

ತೊಂಬತ್ಮೂರರ ಬೇಸಿಗೆ ಅದು. ಊರಾಚೆ ಹೊಸದಾಗಿ ಎದ್ದ ಬೀದಿಯಲ್ಲಿ ಯೋಗಾನಂದ ಎನ್ನುವವನ ಮನೆಗೆ ಹಾಸು ಕೆಚ್ಚಲು ಹೋಗಿದ್ದಳು. ಕರೆಂಟು ಹೋಗಿತ್ತು. ಕೆಲಸ ಮುಗಿಸಿ ಹೊರಟವಳು ಟಾರು ರಸ್ತೆ ಹಿಡಿಯಬೇಕಿತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಇವಳು ದ್ರಾಕ್ಷಿ ತೋಟದ ಬೇಲಿ ಪಕ್ಕದ ಕಾಲುದಾರಿಗೆ ಇಳಿದಳು. ತೋಟ ಬೆಂಗಳೂರಿನ ಸಾಹುಕಾರರೊಬ್ಬರದು. ಅವರು ಎರಡು ಕರಿ ನಾಯಿ ತಂದು ಬಿಟ್ಟಿದ್ದರು. ಸೊಂಟದೆತ್ತರ, ಮೋಟು ಬಾಲ. ಹಗಲು ಹೊತ್ತು ಸರಪಳಿಯಲ್ಲೇ ಇರಬೇಕೆಂದು ಕಾವಲಿನವನಿಗೆ ಕಟ್ಟಪ್ಪಣೆಯಾಗಿತ್ತು.

ಅವಳು ಅರ್ಧ ದಾರಿಯಲ್ಲಿದ್ದಾಗ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಬಾಯಿಬಿಟ್ಟವು. ತೋಟದಲ್ಲಿ ನಾಯಿಗಳಿಗೆ ಮುದ್ದೆ ಹಾಕಿ ಕಟ್ಟಲು ಹೊರಟಿದ್ದ ಕಾವಲಿನ ಹನುಮಂತರಾಯಪ್ಪ, ಸರಪಳಿ ಅಲ್ಲೇ ಬಿಟ್ಟು ಪಂಪ್‌ಸೆಟ್ಟಿನ ಕಡೆ ಓಡಿದ. ಮೂರು ಫೇಸು ಬರುವುದೇ ಅಪರೂಪ, ಬಂದಾಗ ಮೋಟರ್ ಹಾಕದವನು ತೋಟದವನೇ ಅಲ್ಲ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಮಾಡಿದ ಪುಣ್ಯಾತ್ಮ ಬೊಗಳದ ನಾಯಿಯ ವಿಚಾರ ಹೇಳದೇ ಹೋದ. ಆ ಎರಡೂ ಸದ್ದೇ ಮಾಡದೆ ಬೇಲಿ ಹಾರಿದವು. ಒಂದು ಎದೆಗೇ ನುಗ್ಗಿ ಕೆಡವಿತು. ಇನ್ನೊಂದು, ಟೈಗರ್ ಎನ್ನುವುದು, ಮೀನಖಂಡಕ್ಕೆ ಬಾಯಿ ಹಾಕಿ ಎಳೆಯಿತು. ಆದಿಲಕ್ಷ್ಮಮ್ಮ ಬೇಲಿ ಹಿಡಿದು ಹೇಗೋ ಎದ್ದು ನಿಂತು ಕೂಗಿದಳು. ಇಡೀ ಊರನ್ನು ಬಾಯಲ್ಲಿ ಆಳಿದ ಹೆಂಗಸು, ಗಂಟಲು ಹರಿಯುವಂತೆ ಕೂಗಿದಳು. ಆ ಮಗ್ಗಗಳ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಯೋಗಾನಂದ ತನ್ನ ಕಿಟಕಿಯಲ್ಲಿ ಕಾಣಿಸಿದ. ಬೇಲಿಯ ಲಂಟಾನ ಪೊದೆ ನಾಯಿಗಳನ್ನು ಮರೆ ಮಾಡಿತ್ತು. ಅವನಿಗೆ ಕಂಡದ್ದು ಅವಳ ತಲೆ ಮತ್ತು ಮೇಲೆತ್ತಿ ಬೀಸುತ್ತಿದ್ದ ಎರಡು ಕೈ. ಮಗ್ಗದವರಲ್ಲವೇ, ದೂರದಿಂದ ಕೈ ಬೀಸಿದರೆ ಅದು ಮಾತೇ. ಹೊಸ ಹಾಸು ಹೆಂಗೆ ಓಡುತ್ತಿದೆ ಎಂದು ಕೇಳುತ್ತಿದ್ದಾಳೆ ಅಂದುಕೊಂಡ. ಚೆನ್ನಾಗಿ ಓಡುತ್ತಿದೆ, ಹೋಗಿ ಬಾ ಎಂದು ಅವನೂ ಕೈ ಬೀಸಿ, ನಕ್ಕು, ಒಳಗೆ ಹೋದ.

ಆ ನಗು ಅವಳಿಗೆ ನಾಯಿಯ ಹಲ್ಲಿಗಿಂತ ಆಳವಾಗಿ ಇಳಿಯಿತು. ಹೀಗೇ ಸಾಯುತ್ತೇನೆ, ನೋಡುತ್ತಿದ್ದವರೂ ನಗುತ್ತಾ ಇರುವಾಗಲೇ, ಎಂದು ಅನ್ನಿಸಿತು.

ಮೋಟರ್ ಹಾಕಿ ಬಂದು ನಾಯಿಗಳಿಲ್ಲದ್ದು ಕಂಡ ಹನುಮಂತರಾಯಪ್ಪ ದೊಣ್ಣೆ ಹಿಡಿದು ಓಡಿ ಬಂದ. ಟೈಗರಿನ ಬಾಯಿ ಬಿಡಿಸಿ, ತನ್ನ ಟವೆಲ್ಲನ್ನೇ ಹರಿದು ಅವಳ ಕಾಲಿಗೆ ಕಟ್ಟಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ತಳ್ಳಿಕೊಂಡು ಹೋದ. ಅವನೂ ಐವತ್ತೈದರ ಆಸುಪಾಸಿನವನು, ಸಾಸಲಿನ ಕಡೆಯವನು, ಹೆಂಡತಿ ತೀರಿಕೊಂಡ ಮೇಲೆ ತೋಟದ ಶೆಡ್ಡಿನಲ್ಲೇ ವಾಸ. ದಾರಿಯುದ್ದಕ್ಕೂ ಅವಳು ಅವನ ವಂಶವನ್ನೆಲ್ಲ ಬೈದಳು. ಅವನು ‘ಆಯ್ತಕ್ಕ, ಬೈಯಿ, ಬೈಯಿ’ ಎನ್ನುತ್ತಾ ತಳ್ಳಿದ.

ಡಾಕ್ಟರು ಸೋಪು ಹಾಕಿ ಗಾಯ ತೊಳೆದು ಒಂದು ಇಂಜೆಕ್ಷನ್ ಚುಚ್ಚಿದರು. ಪಕ್ಕದಲ್ಲಿ ನಿಂತಿದ್ದ ಹನುಮಂತರಾಯಪ್ಪನನ್ನೂ ನೋಡಿ ಹೇಳಿದರು. “ಸಾಕಿದ ನಾಯಿ ಅಲ್ವಾ? ಹತ್ತು ದಿನ ಅದರ ಮೇಲೆ ಕಣ್ಣಿಟ್ಟಿರ್ರೀ. ಅದು ಚೆನ್ನಾಗಿದ್ರೆ ಇವರೂ ಚೆನ್ನಾಗಿರ್ತಾರೆ. ಅದು ಮಂಕಾದ್ರೆ, ಜೊಲ್ಲು ಸುರಿಸಿದ್ರೆ, ಸತ್ರೆ, ತಕ್ಷಣ ಓಡಿ ಬನ್ನಿ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ.”

ಹೊರಗೆ ಬಂದ ಮೇಲೆ ಆದಿಲಕ್ಷ್ಮಮ್ಮ ಅಂದಳು, “ನನ್ ಹಣೇಬರ ನೋಡಪ್ಪಾ. ಕಚ್ಚಿದ ನಾಯಿ ನೂರು ವರ್ಷ ಬಾಳ್ಲಿ ಅಂತ ಹರಕೆ ಹೊರ್ಬೇಕು.”

ವಠಾರದವರು ಮೊದಲ ದಿನ ಬಂದು ನೋಡಿದರು. ಏಳು ಬಾವಿ ಇಣುಕಿ ಬಾ, ವಿಷ ಇಳಿಯುತ್ತೆ ಎಂದಳು ಒಬ್ಬಳು. ಬಾವಿಗಳೆಲ್ಲ ಎಂದೋ ಬತ್ತಿ, ಊರಿನಲ್ಲಿ ಉಳಿದಿದ್ದು ಬೋರ್‌ವೆಲ್ಲು. ಪೈಪಿನೊಳಗೆ ಇಣುಕಲೇನೇ ಎಂದು ಇವಳು ರೇಗಿದಳು. ಎರಡನೇ ದಿನದಿಂದ ಯಾರೂ ಹತ್ತಿರ ಬರಲಿಲ್ಲ. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಮಕ್ಕಳನ್ನು ಒಳಗೆ ಕರೆದರು. ಇವಳು ಯಾವಾಗ ಬೊಗಳುತ್ತಾಳೋ ಎಂದು ಕಾದಂತಿತ್ತು. ಕೆಲಸಕ್ಕೂ ಯಾರೂ ಕರೆಯಲಿಲ್ಲ. “ಹೊಸ ಹಾಸಮ್ಮ, ಶುಭ ನೋಡಿ ಹಾಕೋದು, ವಾಸಿಯಾಗ್ಲಿ ಆಮೇಲೆ ಬಾ” ಎಂದುಬಿಟ್ಟರು. ಯೋಗಾನಂದ ಮಾತ್ರ ನಾಚಿಕೆಯಿಂದಲೇ ಮುಖ ತೋರಿಸಲಿಲ್ಲ. ಬಂದು ‘ತಪ್ಪಾಯ್ತಮ್ಮ’ ಅಂದಿದ್ದರೆ ಅವನನ್ನು ಬೈದಾದರೂ ಹಗುರವಾಗುತ್ತಿದ್ದಳು. ಅದೂ ಇಲ್ಲ.

ಬೆಳಿಗ್ಗೆ ಎದ್ದರೆ ಚೊಂಬಿನ ನೀರು ಎದುರಿಗಿಟ್ಟುಕೊಂಡು ಕೂರುತ್ತಿದ್ದಳು. ರೋಗ ಬಂದವರಿಗೆ ನೀರು ಕಂಡರೆ ಹೆದರಿಕೆಯಂತೆ. ನೀರನ್ನು ನೋಡುವಳು, ನನಗೆ ಹೆದರಿಕೆ ಆಗುತ್ತಿದೆಯಾ ಎಂದು ಕೇಳಿಕೊಳ್ಳುವಳು, ಆಗುತ್ತಲೇ ಇರುವಂತೆ ತೋರುವುದು. ಕುಡಿದು ನೋಡುವಳು. ಇಳಿಯಿತಲ್ಲ ಎಂದು ಒಬ್ಬಳೇ ಅಳುವಳು.

ಸಂಜೆಯ ಹೊತ್ತಿಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಗುತ್ತಿತ್ತು. ಹನುಮಂತರಾಯಪ್ಪ ಹೊಸ್ತಿಲಾಚೆ ನಿಂತು ವರದಿ ಒಪ್ಪಿಸುತ್ತಿದ್ದ.

“ಟೈಗರ್ ಚೆನ್ನಾಗೈತೆ ಕಣಕ್ಕ. ಮುದ್ದೆ ತಿಂತು.”

“ನೀರು ಕುಡೀತಾ?”

“ಒಂದು ಬಕೀಟು.”

“ಜೊಲ್ಲು ಗಿಲ್ಲು?”

“ಇಲ್ಲ ಕಣಕ್ಕ. ಬೆಳಿಗ್ಗೆ ನನ್ ಎಕ್ಕಡಾನೂ ಕಚ್ಚಿ ಹರಿದಾಕೈತೆ. ಗಟ್ಟಿಮುಟ್ಟಾಗೈತೆ.”

“ಹಾಳಾದ್ದು, ಇನ್ನೊಂದು ಎಕ್ಕಡಾನೂ ಕೊಡು, ತಿಂದು ಬದುಕ್ಲಿ!”

ಅವನು ನಕ್ಕು ಹೋಗುತ್ತಿದ್ದ. ನಾಲ್ಕು ದಿನ ಕಳೆಯುವ ಹೊತ್ತಿಗೆ ಜಗುಲಿಯ ಮೇಲೆ ಕೂರುವುದನ್ನು ಕಲಿತ. ಅವಳು ಕಾಫಿ ಕೊಡುವುದನ್ನು ಕಲಿತಳು. ನಾಯಿಯ ಸಮಾಚಾರ ಮುಗಿದ ಮೇಲೆ ಅವನು, “ಮತ್ತೆ ನೀನೆಂಗಿದ್ದೀಯಕ್ಕ?” ಎಂದು ಕೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದ ಮೊದಲ ಸಲ ಅವಳು ಒಳಗೆ ಹೋಗಿ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದು ತಂದಳು. ಅವನು ಗೌರಿಬಿದನೂರಿಗೆ ಮಗಳನ್ನು ಕೊಟ್ಟಿರುವುದು, ಅಳಿಯ ಅಷ್ಟಕ್ಕಷ್ಟೆ ಎನ್ನುವುದು, ತೋಟದಲ್ಲಿ ದಿನವೆಲ್ಲ ತಾನು ಮಾತಾಡುವುದು ನಾಯಿಗಳ ಜೊತೆ ಮಾತ್ರ ಎನ್ನುವುದು, ಎಲ್ಲ ಹೀಗೇ ಒಂದೊಂದಾಗಿ ತಿಳಿಯಿತು. ಅವಳೂ ಧರ್ಮಾವರದ ಕಥೆ ಹೇಳಿದಳು. ಬೇರೆಯವರಿಗೆ ಬೈಗುಳ ಸೇರಿಸಿ ಹೇಳುತ್ತಿದ್ದ ಕಥೆಯನ್ನು ಇವನಿಗೆ ಬೈಗುಳವಿಲ್ಲದೆ ಹೇಳಿದಳು.

ಹತ್ತನೆಯ ದಿನ ಬಂದಾಗ ಅವನ ಮುಖವೆಲ್ಲ ನಗು. “ಟೈಗರ್ ಚೆನ್ನಾಗೈತೆ. ಇವತ್ತಿಗೆ ಮುಗೀತಲ್ಲಕ್ಕ. ದೇವ್ರು ದೊಡ್ಡೋನು.”

ಕುಣಿದಾಡಬೇಕಿತ್ತು. ಪ್ರಾಣ ಉಳಿದಿತ್ತು. ಆದರೆ ಆದಿಲಕ್ಷ್ಮಮ್ಮನಿಗೆ ಬೇರೆಯದೇ ಚಿಂತೆ ಹತ್ತಿತು. ನಾಳೆಯಿಂದ ಇವನು ಯಾಕೆ ಬಂದಾನು? ಯಾವ ನೆವದಲ್ಲಿ ಬಾ ಎನ್ನಲಿ? ಬಾಯಿಗೆ ಬೀಗವಿಲ್ಲದವಳ ಬಾಯಿಂದ ಸುಳ್ಳು ತಾನಾಗಿಯೇ ಹೊರಬಿತ್ತು.

“ಎಲ್ ಮುಗೀತು? ಡಾಕ್ಟ್ರು ಇನ್ನೂ ಒಂದು ತಿಂಗಳು ನೋಡ್ಬೇಕು ಅಂದವ್ರಲ್ಲಪ್ಪಾ.”

ಹನುಮಂತರಾಯಪ್ಪ ಲೋಟದ ತಳದ ಕಾಫಿಯನ್ನು ಬಾಯಿಗೆ ಸುರಿದುಕೊಂಡ. “ಹೌದಾ? ಹಂಗಾದ್ರೆ ನೋಡ್ಲೇಬೇಕು ಬಿಡಕ್ಕ” ಎಂದ. ಮಾರನೆಯ ಸಂಜೆ ಸೈಕಲ್ ಬಂತು.

ವಠಾರದವರು ಮತ್ತೆ ಮಾತಾಡಿಸತೊಡಗಿದರು. ಮಗ್ಗದ ಮನೆಗಳಿಂದ ಕರೆ ಬಂತು. ಆದರೆ ನಾಯಿ ಕಚ್ಚಿದ್ದು ಕಾಲಿಗೆ ಮಾತ್ರವಲ್ಲ. ಬೀದಿಯ ಬಡಕಲು ನಾಯಿ ಬಾಲ ಅಲ್ಲಾಡಿಸಿದರೂ ಅವಳ ಮೈ ಬೆವರುತ್ತಿತ್ತು. ಕೈಯಲ್ಲೊಂದು ಬಿದಿರು ಕೋಲು. ಕಾಲುದಾರಿ ಬಿಟ್ಟು ಬಸ್ ಸ್ಟ್ಯಾಂಡ್ ಸುತ್ತಿಕೊಂಡೇ ನಡೆಯುವಳು. ಬೀದಿ ಖಾಲಿಯಿದ್ದರೆ ಮೂಲೆಯಲ್ಲಿ ನಿಂತು, ಅತ್ತ ಹೋಗುವವರು ಯಾರಾದರೂ ಬರುವವರೆಗೆ ಕಾದು, ಅವರ ಕಡೆಯವಳೇ ಎನ್ನುವ ಹಾಗೆ ಹಿಂದೆ ಹಿಂದೆ ಹೋಗುವಳು. ಅವರು ತಿರುಗಿ ನೋಡಿದರೆ ಸೆರಗು ಸರಿಮಾಡಿಕೊಳ್ಳುವಳು. ಹೋಗಲಿ, ಸಂಜೆಯಾಗುತ್ತದಲ್ಲ ಎನ್ನುವುದೊಂದೇ ಸಮಾಧಾನ.

ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನ ಇದ್ದಾಗ ಯೋಗಾನಂದನ ಮನೆಯಲ್ಲಿ ಹಾಸು ಮುಗಿಯಿತು. ಅವನ ತಾಯಿ ಬಂದು ಕೈ ಹಿಡಿದು ಕರೆದದ್ದಕ್ಕೆ ಹೋದಳು. ಕೆಚ್ಚುತ್ತಾ ಕೂತಿದ್ದಾಗ ಆ ತಾಯಿಯೇ ಮಾತು ತೆಗೆದರು.

“ಅಂತೂ ನಿಂಗೆ ಕಚ್ಚಿದ್ದು ಹಾಳಾಗಿ ಹೋಯ್ತಲ್ಲಮ್ಮ. ಆ ಟೈಗರು! ಹೋದ ವಾರ ಹಿಂದೂಪುರದ ರಸ್ತೇಲಿ ಲಾರಿಗೆ ಸಿಕ್ಕಿ ಸತ್ತೋಯ್ತು. ಸಾಹುಕಾರ್ರು ಕೆಂಡಾಮಂಡಲ ಆಗಿ ಕಾವಲಿನೋನನ್ನ ಅವತ್ತೇ ಓಡಿಸ್ಬಿಟ್ರು. ಪಾಪ, ರೈಲ್ವೆ ಸ್ಟೇಷನ್‌ನಲ್ಲಿ ಮಲಗ್ತಾನಂತೆ.”

ಆದಿಲಕ್ಷ್ಮಮ್ಮನ ಬೆರಳಲ್ಲಿ ಎಳೆ ಪಟ್ಟೆಂದು ಹರಿಯಿತು. ನಿನ್ನೆ ಸಂಜೆ ಬಂದಿದ್ದನಲ್ಲ! ಮುದ್ದೆ ತಿಂತು ಎಂದಿದ್ದನಲ್ಲ! ಮೊದಲು ಮೈ ಉರಿಯಿತು. ಎಂಥ ಸುಳ್ಳುಬುರುಕ! ಆಮೇಲೆ ಆ ಉರಿ ಎಲ್ಲಿ ಹೋಯಿತೋ. ಕೆಲಸವಿಲ್ಲ, ಸೂರಿಲ್ಲ, ಮಗಳ ಊರಿಗೆ ಹೊರಟುಬಿಡಬಹುದಿತ್ತು. ಒಂದು ತಿಂಗಳು ಎಂದು ಇವಳು ಹೇಳಿದ್ದಕ್ಕೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮಲಗಿ, ಇಲ್ಲದ ನಾಯಿಯ ಕ್ಷೇಮ ಹೇಳಲು ದಿನಾ ಬರುತ್ತಿದ್ದಾನೆ. ನಾಯಿ ಸತ್ತ ಸುದ್ದಿ ಕೇಳಿ ನಾನು ಹೆದರಿಕೊಳ್ಳುತ್ತೇನೆ ಎಂದು, ನನ್ನ ಸುಳ್ಳನ್ನು ನಿಜವೆಂದು ನಂಬಿ! ಅಯ್ಯೋ ಪಾಪಿ ನಾನು ಎಂದು ಹಾಸಿನ ಮೇಲೆ ಬಗ್ಗಿ ಕಣ್ಣೊರೆಸಿಕೊಂಡಳು.

ಆ ಸಂಜೆಯೇ ಹೇಳಿಬಿಡಬೇಕೆಂದುಕೊಂಡಳು. ಹೇಳಿದರೆ ಅವನು ಹೊರಟುಹೋಗುತ್ತಾನೆ. ಹೇಳಲಿಲ್ಲ. ಕಾಫಿಯ ಜೊತೆಗೆ ಉಪ್ಪಿಟ್ಟು ಕೊಟ್ಟಳು, ಅಷ್ಟೆ. ಮಾರನೆಯ ದಿನ ಊಟವನ್ನೇ ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡ.

ತಿಂಗಳು ತುಂಬಿದ ದಿನ ಅವನು ಕೈಚೀಲ ಹಿಡಿದುಕೊಂಡು ಬಂದ. ಸೈಕಲ್ ಇರಲಿಲ್ಲ, ಅದು ತೋಟದ್ದು, ಹೊರಡುವ ಮುಂಚೆ ತೋಟಕ್ಕೇ ಒಪ್ಪಿಸಿ ಬಂದೆ ಎಂದ. “ಟೈಗರ್ ಚೆನ್ನಾಗೈತೆ ಕಣಕ್ಕ. ಮಗಳು ಬಾ ಅಂತ ಹೇಳಿ ಕಳ್ಸವ್ಳೆ. ಹೋಗ್ಬರ್ತೀನಿ” ಎಂದ. ಇರು ಎನ್ನಲು ಇವಳು ಯಾರು? ಒಂಟಿ ಹೆಂಗಸಿನ ಕೋಣೆ, ವಠಾರದ ಕಣ್ಣೆಲ್ಲ ಇತ್ತಲೇ. ಸೆರಗು ಹೊದ್ದು, ಕೋಲು ಹಿಡಿದು, ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದಳು. ನಾಯಿಗಳು ಎದುರಾದವು. ಅವನು ನಾಯಿಗಳಿದ್ದ ಬದಿಗೆ ಸರಿದು ನಡೆದ. ಅವಳಿಗೆ ಹೆದರಿಕೆಯಾಗಲಿಲ್ಲ.

ಗೌರಿಬಿದನೂರಿನ ಬಸ್ಸು ಹತ್ತಿ ಅವನು ಕಿಟಕಿಯ ಪಕ್ಕ ಕೂತ. ಇನ್ನು ತಡೆಯಲಾಗಲಿಲ್ಲ. ಕಿಟಕಿಯ ಕಂಬಿ ಹಿಡಿದುಕೊಂಡು ಹೇಳಿಯೇಬಿಟ್ಟಳು.

“ಟೈಗರ್ ಸತ್ತಿದ್ದು ನಂಗೊತ್ತು ಕಣಪ್ಪ. ಒಂದು ತಿಂಗಳು ಅಂದೆನಲ್ಲ, ಅದೂ ಸುಳ್ಳು. ಡಾಕ್ಟ್ರು ಹಂಗೆ ಹೇಳೇ ಇರ್ಲಿಲ್ಲ.”

ಹನುಮಂತರಾಯಪ್ಪ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ.

“ಗೊತ್ತಿತ್ತಕ್ಕ” ಎಂದ. “ಅವತ್ತು ಡಾಕ್ಟ್ರು ಹತ್ತು ದಿನ ಅಂತ ಹೇಳ್ದಾಗ ನಾನೂ ಅಲ್ಲೇ ನಿಂತಿದ್ನಲ್ಲ.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಕಂಬಿ ಬಿಡಲು ಮರೆತು ಅವಳು ಒಂದೆರಡು ಹೆಜ್ಜೆ ಜೊತೆಗೇ ಓಡಿದಳು. ಆಮೇಲೆ ಬಿಟ್ಟಳು. ಗಾಡಿಯಲ್ಲಿ ಕಡಲೆಕಾಯಿ ಹುರಿಯುತ್ತಿದ್ದವನು ನೋಡಿ, “ಯಾರಮ್ಮ, ನೆಂಟ್ರಾ?” ಎಂದು ಕೇಳಿದ.

“ಹೂಂ ಕಣಪ್ಪ. ನನ್ ನೆಂಟ್ರು. ಇದ್ದೋರು ಅವರೊಬ್ರೇ” ಎಂದಳು ಆದಿಲಕ್ಷ್ಮಮ್ಮ.